ಬಸುರಿಯ ಸೊಂಟನೋವು: 'ಎಲ್ಲರಿಗೂ ಬರೋದೇ' ಅಂತ ಸುಮ್ಮನಾಗಬೇಡಿ

"ಬಸುರಿ ಅಂದ್ಮೇಲೆ ಸೊಂಟ ನೋಯದೆ ಇರುತ್ತಾ? ನಾವೆಲ್ಲ ಹೆರಲಿಲ್ವಾ?"

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಬಸುರಿ ಇರುವ ಯಾವ ಮನೆಗೇ ಹೋಗಿ, ಈ ಮಾತು ಒಂದಲ್ಲ ಒಂದು ಸಲ ಕಿವಿಗೆ ಬಿದ್ದೇ ಬೀಳುತ್ತದೆ. ಹೇಳುವವರು ಕೆಟ್ಟವರೇನಲ್ಲ. ಅದೇ ನೋವನ್ನು ತಿಂದು, ಮೂರ್ನಾಲ್ಕು ಮಕ್ಕಳನ್ನು ಹೆತ್ತು ಸಾಕಿದವರು. ಹುಡುಗಿಗೆ ಧೈರ್ಯ ಬರಲಿ ಅಂತಲೇ ಹಾಗೆ ಅಂತಾರೆ. ಆದರೆ ಈ ಒಂದು ಮಾತಿನಿಂದ ಎರಡು ತೊಂದರೆ ಆಗುತ್ತದೆ. ಸ್ವಲ್ಪ ಜಾಗ್ರತೆ ಮಾಡಿದರೆ ಅರ್ಧಕ್ಕರ್ಧ ಇಳಿಯುವಂಥ ನೋವನ್ನು ಅವಳು ನಾಲ್ಕೈದು ತಿಂಗಳು ಹಲ್ಲು ಕಚ್ಚಿಕೊಂಡು ಸಹಿಸುತ್ತಾಳೆ. ಇನ್ನೊಂದು ಕಡೆ, ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ನೋವು ಬಂದಾಗಲೂ 'ಎಲ್ಲರಿಗೂ ಬರೋದೇ' ಅಂದುಕೊಂಡು ಮನೆಯಲ್ಲೇ ಮಲಗುತ್ತಾಳೆ.

ಇದು ಸಾಮಾನ್ಯ ಅನ್ನುವುದು ನಿಜ. ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಯಾವಾಗಲಾದರೂ ಒಮ್ಮೆ ಸೊಂಟನೋವು ಕಾಣಿಸಿಕೊಳ್ಳುತ್ತದೆ. ಹೆಚ್ಚಾಗಿ ಐದರಿಂದ ಏಳನೇ ತಿಂಗಳ ನಡುವೆ ಶುರುವಾಗುತ್ತದೆ. ಹೆರಿಗೆ ನೋವೂ ಎಲ್ಲರಿಗೂ ಬರುವಂಥದ್ದೇ. ಹಾಗಂತ ಆ ಹೊತ್ತಿನಲ್ಲಿ ಅವಳನ್ನು ಒಬ್ಬಳನ್ನೇ ಬಿಟ್ಟು ಹೋಗ್ತೀವಾ?

ನೋವು ಬರೋದು ಯಾಕೆ?

ಬಸುರಿನಲ್ಲಿ ಶರೀರ ಹೆರಿಗೆಗೆ ತಯಾರಾಗಲು ರಿಲ್ಯಾಕ್ಸಿನ್ ಮೊದಲಾದ ಹಾರ್ಮೋನುಗಳನ್ನು ಬಿಡುತ್ತದೆ. ಸೊಂಟದ ಮೂಳೆಗಳನ್ನು ಬಿಗಿಯಾಗಿ ಹಿಡಿದಿರುವ ಪಟ್ಟಿಗಳು ಇದರಿಂದ ಸಡಿಲವಾಗುತ್ತವೆ. ಮಗು ಹೊರಬರಲು ದಾರಿ ಬೇಕಲ್ಲ, ಅದಕ್ಕೆ. ಇತ್ತ ಹೊಟ್ಟೆ ಮುಂದಕ್ಕೆ ಬೆಳೆಯುತ್ತಾ ಹೋದ ಹಾಗೆ ತೂಕವೆಲ್ಲ ಮುಂದಕ್ಕೆ ಜಗ್ಗುತ್ತದೆ. ಬೀಳದ ಹಾಗೆ ನಿಲ್ಲಲು ಬಸುರಿ ತನಗೆ ಗೊತ್ತಿಲ್ಲದೆಯೇ ಬೆನ್ನನ್ನು ಹಿಂದಕ್ಕೆ ಬಾಗಿಸುತ್ತಾಳೆ. ಒಂಬತ್ತು ತಿಂಗಳಲ್ಲಿ ಹತ್ತು ಹನ್ನೆರಡು ಕಿಲೋ ತೂಕ ಏರುತ್ತದೆ. ಹೊಟ್ಟೆಯ ಸ್ನಾಯುಗಳು ಹಿಗ್ಗಿ ಸೋತಿರುತ್ತವೆ. ಅವು ಮಾಡಬೇಕಾದ ಕೆಲಸವೂ ಬೆನ್ನಿನ ಪಾಲಿಗೇ ಬೀಳುತ್ತದೆ.

ಈ ನೋವಿನಲ್ಲಿ ಎರಡು ಬಗೆ. ಒಂದು, ಬೆನ್ನಿನ ಕೆಳಭಾಗದಲ್ಲಿ, ಸೀರೆಯ ನೆರಿಗೆ ಕಟ್ಟುವ ಮಟ್ಟದಲ್ಲಿ ಹಿಡಿದ ಹಾಗಾಗುವ ನೋವು. ಬಹಳ ಹೊತ್ತು ನಿಂತಾಗ, ಬಗ್ಗಿ ಕೆಲಸ ಮಾಡಿದಾಗ ಇದು ಜಾಸ್ತಿ. ಇನ್ನೊಂದು, ಅದಕ್ಕಿಂತ ಕೆಳಗೆ, ಪಿರ್ರೆಯ ಮೇಲ್ಭಾಗದ ಮೂಳೆಯ ಸಂದಿಯಲ್ಲಿ, ಕೆಲವೊಮ್ಮೆ ಮುಂದಿನ ಕಿಬ್ಬೊಟ್ಟೆಯ ಮೂಳೆಯವರೆಗೂ ಬರುವ ನೋವು. ರಾತ್ರಿ ಮಗ್ಗುಲು ತಿರುಗುವಾಗ, ಮೆಟ್ಟಿಲು ಹತ್ತುವಾಗ, ಒಂಟಿ ಕಾಲಲ್ಲಿ ನಿಂತು ಲಂಗ ತೊಡುವಾಗ ಚುಚ್ಚಿದ ಹಾಗಾಗುತ್ತದೆ. ನಿಮ್ಮದು ಯಾವ ಬಗೆ ಅಂತ ಗಮನಿಸಿ ಡಾಕ್ಟರ ಹತ್ತಿರ ಹಾಗೇ ಹೇಳಿ. 'ಸೊಂಟ ನೋವು' ಅಂತಷ್ಟೇ ಹೇಳಿ ಸುಮ್ಮನಾದರೆ ಅವರಿಗೂ ಅಂದಾಜು ಸಿಗುವುದಿಲ್ಲ.

ನಮ್ಮ ಕಡೆಯ ಕೆಲಸ

ಪೇಟೆಯ ಪುಸ್ತಕಗಳಲ್ಲಿ ಬಸುರಿಯರಿಗೆ 'ಹೆಚ್ಚು ಹೊತ್ತು ಕಂಪ್ಯೂಟರ್ ಮುಂದೆ ಕೂರಬೇಡಿ, ಹೈಹೀಲ್ಡ್ ಚಪ್ಪಲಿ ಹಾಕಬೇಡಿ' ಅಂತ ಬರೆದಿರುತ್ತಾರೆ. ನಮ್ಮ ಕಡೆಯ ಹೆಣ್ಣುಮಕ್ಕಳ ಸೊಂಟ ನೋಯುವುದು ಬೇರೆ ಕೆಲಸಗಳಲ್ಲಿ.

ಕೆ.ಆರ್. ನಗರದ ಕಡೆ ನಾಲೆಗೆ ನೀರು ಬಿಟ್ಟ ಮೇಲೆ ಭತ್ತದ ನಾಟಿ ಶುರು. ಬೆಳಿಗ್ಗೆಯಿಂದ ಸಂಜೆಯವರೆಗೆ ಕೆಸರಿನಲ್ಲಿ ನಡ ಬಗ್ಗಿಸಿ ಹಿಂದಕ್ಕೆ ಹಿಂದಕ್ಕೆ ಹೋಗುವ ಕೆಲಸ. ಎಚ್.ಡಿ. ಕೋಟೆ ಕಡೆ ಹತ್ತಿ ಬಿಡಿಸೋದು, ಶುಂಠಿ ಕೀಳೋದು, ಕಾಡಂಚಿನ ಊರುಗಳಲ್ಲಿ ಸೌದೆ ಹೊರೆ ತರೋದು. ಹುಣಸೂರು, ಪಿರಿಯಾಪಟ್ಟಣ ಅಂದರೆ ಹೊಗೆಸೊಪ್ಪು. ಮಳೆಗಾಲದಲ್ಲಿ ಸೊಪ್ಪು ಮುರಿದು ತಂದು, ಬ್ಯಾರನ್ ಪಕ್ಕದ ಚಪ್ಪರದಲ್ಲಿ ನೆಲದ ಮೇಲೆ ಕೂತು ಕಡ್ಡಿಗೆ ಕಟ್ಟೋದು ಹೆಚ್ಚಾಗಿ ಹೆಂಗಸರೇ. ಬ್ಯಾರನ್ ತುಂಬಿಸುವ ದಿನ ಊಟಕ್ಕೂ ಎದ್ದಿರುವುದಿಲ್ಲ. ಒಂದೇ ಭಂಗಿಯಲ್ಲಿ ಬೆನ್ನು ಬಗ್ಗಿಸಿ ಗಂಟೆಗಟ್ಟಲೆ ಕೂತರೆ ಗಟ್ಟಿಮುಟ್ಟಾದವರ ಸೊಂಟವೇ ಹಿಡಿಯುತ್ತದೆ, ಇನ್ನು ಆರು ತಿಂಗಳ ಬಸುರಿಯ ಪಾಡೇನು?

ಹೊಗೆಸೊಪ್ಪಿನ ವಿಷಯದಲ್ಲಿ ಸೊಂಟಕ್ಕಿಂತ ದೊಡ್ಡ ಕಾರಣವೂ ಇದೆ. ಹಸಿ ಸೊಪ್ಪಿನಲ್ಲಿರುವ ನಿಕೋಟಿನ್ ಚರ್ಮದ ಮೂಲಕ ಮೈಯೊಳಗೆ ಇಳಿಯುತ್ತದೆ. ಮಂಜಿನಲ್ಲೋ ಮಳೆಯಲ್ಲೋ ನೆನೆದ ಸೊಪ್ಪು ಮುಟ್ಟಿದರೆ ಇನ್ನೂ ಬೇಗ. ಸೊಪ್ಪು ಮುರಿದ ದಿನ ತಲೆ ಸುತ್ತು, ವಾಂತಿ, ತಲೆನೋವು ಬರುವುದು ಇದರಿಂದಲೇ. ಬಸುರಿಗೆ ಹೀಗಾದರೆ 'ಬಸುರಿನ ವಾಂತಿ' ಅಂತ ಬಿಟ್ಟುಬಿಡುತ್ತಾರೆ. ಮಗುವಿಗೆ ರಕ್ತ ಹೋಗುವ ದಾರಿಯನ್ನು ನಿಕೋಟಿನ್ ಬಿಗಿ ಮಾಡುತ್ತದೆ, ಬೆಳವಣಿಗೆ ಕುಂಠಿತವಾಗಬಹುದು. ಆದ್ದರಿಂದ ಗರ್ಭ ನಿಂತಿದೆ ಅಂತ ಗೊತ್ತಾದ ದಿನದಿಂದಲೇ ಹಸಿ ಸೊಪ್ಪು ಮುರಿಯೋದು, ಕಟ್ಟೋದು ಎರಡೂ ಬೇಡ. ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ.

'ಬಗ್ಗಿ ಕೆಲಸ ಮಾಡಿದ್ರೆ ಹೆರಿಗೆ ಸಲೀಸು' ಅನ್ನುವ ಮಾತೂ ನಮ್ಮಲ್ಲಿ ಇದೆ. ಮೈ ಆಡಿಸುತ್ತಾ ಇರಬೇಕು ಅನ್ನುವ ಮಟ್ಟಿಗೆ ಹಿರಿಯರ ಮಾತು ಸರಿ. ಎಲ್ಲಾ ಸರಿಯಿರುವ ಬಸುರಿ ಸದಾ ಮಲಗಿರುವುದರಿಂದ ನೋವು ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಆದರೆ ನಡೆಯುವುದೇ ಬೇರೆ, ದಿನವಿಡೀ ನಾಟಿ ಹಾಕುವುದೇ ಬೇರೆ. ಭಾರ ಎತ್ತುವ, ಬಹಳ ಹೊತ್ತು ನಿಂತೇ ಮಾಡುವ ಕೆಲಸಕ್ಕೂ ದಿನ ತುಂಬುವ ಮೊದಲೇ ಹೆರಿಗೆ ಆಗುವುದಕ್ಕೂ ನಂಟಿದೆ ಅನ್ನುವುದು ಹಲವು ಸಂಶೋಧನೆಗಳಲ್ಲಿ ಕಂಡುಬಂದಿದೆ.

ಮನೆಯೊಳಗೆ ಹೀಗೆ ಮಾಡಿ

ಹೊಲಕ್ಕೆ ಹೋಗದ ಹೆಣ್ಣುಮಕ್ಕಳಿಗೂ ಮನೆಯಲ್ಲಿ ಸೊಂಟ ಬಗ್ಗಿಸುವ ಕೆಲಸಕ್ಕೇನೂ ಬರವಿಲ್ಲ. ಸಣ್ಣಪುಟ್ಟ ಬದಲಾವಣೆ ಸಾಕು.

ಮುದ್ದೆ ತೊಳೆಸುವುದರಿಂದ ಶುರು ಮಾಡೋಣ. ನೆಲದ ಮೇಲೆ ಪಾತ್ರೆ ಇಟ್ಟು, ಕವೆಗೋಲಿನಲ್ಲಿ ಒತ್ತಿ ಹಿಡಿದು, ಬಗ್ಗಿ ಜೋರಾಗಿ ತಿರುವುವ ಈ ಕೆಲಸ ಬಸುರಿಯ ಸೊಂಟಕ್ಕೆ ದೊಡ್ಡ ಶತ್ರು. ಐದನೇ ತಿಂಗಳಿನಿಂದ ಇದನ್ನು ಗಂಡನಿಗೋ ಮೈದುನನಿಗೋ ವಹಿಸಿ. ತೋಳಿನಲ್ಲಿ ಶಕ್ತಿ ಇರುವವರು ಮಾಡಿದರೆ ಮುದ್ದೆಯೂ ಗಂಟಿಲ್ಲದೆ ಬರುತ್ತೆ!

ನೀರಿನ ಬಿಂದಿಗೆ ಸೊಂಟದ ಮೇಲೆ ಇಟ್ಟುಕೊಂಡು ಬರಬೇಡಿ. ಒಂದೇ ಪಕ್ಕಕ್ಕೆ ಭಾರ ಬಿದ್ದರೆ ಸಡಿಲವಾದ ಸಂದಿಗಳಿಗೆ ಪೆಟ್ಟು. ತರಲೇಬೇಕಾದರೆ ಎರಡು ಕೈಗೆ ಎರಡು ಸಣ್ಣ ಪಾತ್ರೆ, ಅದೂ ಅರ್ಧರ್ಧ. ನೆಲದ ಮೇಲಿನ ವಸ್ತು ತೆಗೆಯುವಾಗ ಬೆನ್ನು ಬಗ್ಗಿಸದೆ ಮಂಡಿ ಮಡಿಸಿ ಕೆಳಗಿಳಿದು, ವಸ್ತುವನ್ನು ಮೈಗೆ ಹತ್ತಿರ ಹಿಡಿದು ಎದ್ದೇಳಿ. ಪೊರಕೆಗೆ ಉದ್ದದ ಕೋಲು ಕಟ್ಟಿ, ನಿಂತೇ ಗುಡಿಸಿ. ಬಟ್ಟೆ ಒಗೆಯುವ ಕಲ್ಲು ಸೊಂಟದ ಮಟ್ಟಕ್ಕಿಲ್ಲದಿದ್ದರೆ ಒಗೆಯುವುದನ್ನು ಬೇರೆಯವರಿಗೆ ಬಿಡಿ. ನೆನೆಸಿದ ಬೆಡ್‌ಶೀಟು, ರಗ್ಗು ಹಿಂಡುವುದಂತೂ ಬೇಡವೇ ಬೇಡ.

ಅಡುಗೆಮನೆಯಲ್ಲಿ ನಿಂತು ಕೆಲಸ ಮಾಡುವಾಗ ಒಂದು ಕಾಲನ್ನು ಸಣ್ಣ ಮಣೆಯ ಮೇಲೆ ಇಡಿ, ಆಗಾಗ ಕಾಲು ಬದಲಾಯಿಸಿ. ಬೆನ್ನಿಗೆ ಎಷ್ಟು ಆರಾಮ ಅಂತ ಅವತ್ತೇ ಗೊತ್ತಾಗುತ್ತೆ. ತರಕಾರಿ ಹೆಚ್ಚೋದು, ಅವರೆಕಾಯಿ ಬಿಡಿಸೋದು ಕೂತು ಮಾಡಿ, ಬೆನ್ನಿಗೆ ಗೋಡೆ ಅಥವಾ ಕಂಬದ ಆಸರೆ ಇರಲಿ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ.

ಮಲಗುವಾಗ ಎಡ ಮಗ್ಗುಲಿಗೆ, ಮಂಡಿಗಳ ಮಧ್ಯೆ ಒಂದು ದಿಂಬು, ಹೊಟ್ಟೆಯ ಕೆಳಗೆ ಮಡಿಸಿದ ಹಳೇ ಸೀರೆ. ಐದಾರು ತಿಂಗಳಾದ ಮೇಲೆ ಬಹಳ ಹೊತ್ತು ಅಂಗಾತ ಮಲಗುವುದು ಒಳ್ಳೆಯದಲ್ಲ. ಏಳುವಾಗ ದಡಕ್ಕನೆ ಎದ್ದು ಕೂರಬೇಡಿ. ಮೊದಲು ಪೂರ್ತಿ ಮಗ್ಗುಲಾಗಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ನಿಧಾನವಾಗಿ ಏಳಿ. ಮಗ್ಗುಲು ತಿರುಗುವಾಗ ಮಂಡಿಗಳನ್ನು ಒಟ್ಟಿಗೆ ಜೋಡಿಸಿಕೊಂಡು ತಿರುಗಿದರೆ ಆ ಚುಚ್ಚುವ ನೋವು ಕಮ್ಮಿ. ಚಪ್ಪಲಿ ಚಪ್ಪಟೆಯಾಗಿರಲಿ, ಆದರೆ ಸವೆದು ತೆಳ್ಳಗಾಗಿರುವುದು ಬೇಡ.

ದಿನಕ್ಕೆ ಹದಿನೈದು ನಿಮಿಷ ನಿಮಗಾಗಿ

ಸೊಂಟನೋವಿಗೆ ಎಲ್ಲಕ್ಕಿಂತ ಕಡಿಮೆ ಖರ್ಚಿನ ಔಷಧ ವ್ಯಾಯಾಮ. 2015ರಲ್ಲಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಸಂಸ್ಥೆ 34 ಅಧ್ಯಯನಗಳನ್ನು, 5,121 ಗರ್ಭಿಣಿಯರ ಅನುಭವವನ್ನು ಒಟ್ಟುಗೂಡಿಸಿ ನೋಡಿತು. ವ್ಯಾಯಾಮ ಮಾಡಿದವರಲ್ಲಿ ಸೊಂಟನೋವು ಕಡಿಮೆಯಾಗಬಹುದು, ದಿನನಿತ್ಯದ ಕೆಲಸವೂ ಸುಲಭವಾಗಬಹುದು ಎಂಬುದು ಅದರಿಂದ ತಿಳಿದುಬಂತು. ಎರಡು ಸುಲಭದ ವ್ಯಾಯಾಮ ಇಲ್ಲಿವೆ.

ಗೋಡೆಗೆ ಒರಗಿ: ಗೋಡೆಗೆ ಬೆನ್ನು ತಾಗಿಸಿ ನಿಲ್ಲಿ. ಪಾದ ಗೋಡೆಯಿಂದ ಸ್ವಲ್ಪ ಮುಂದಿರಲಿ, ಮಂಡಿ ಸ್ವಲ್ಪ ಮಡಿಸಿರಲಿ. ಸೊಂಟದ ಹಿಂದೆ ಗೋಡೆಗೂ ಬೆನ್ನಿಗೂ ಮಧ್ಯೆ ಸಂದಿ ಇರುತ್ತಲ್ಲ, ಹೊಟ್ಟೆಯನ್ನು ಮೆಲ್ಲಗೆ ಒಳಗೆ ಎಳೆದುಕೊಂಡು ಆ ಸಂದಿ ಮುಚ್ಚುವ ಹಾಗೆ ಬೆನ್ನನ್ನು ಗೋಡೆಗೆ ಒತ್ತಿ. ಐದು ಎಣಿಸಿ ಬಿಡಿ. ಉಸಿರು ಕಟ್ಟಬೇಡಿ. ಹತ್ತು ಸಲ.

ಬೆಕ್ಕಿನ ಹಾಗೆ: ಚಾಪೆಯ ಮೇಲೆ ಅಂಗೈ, ಮಂಡಿ ಊರಿ. ಉಸಿರು ಬಿಡುತ್ತಾ ಬೆನ್ನನ್ನು ಮೇಲಕ್ಕೆ ಕಮಾನಿನ ಹಾಗೆ ಎತ್ತಿ. ಉಸಿರು ತೆಗೆದುಕೊಳ್ಳುತ್ತಾ ಮಟ್ಟಸಕ್ಕೆ ತನ್ನಿ. ಬೆನ್ನು ಕೆಳಗೆ ಜೋತುಬೀಳಬಾರದು. ಇದೂ ಹತ್ತು ಸಲ.

ಇದರ ಜೊತೆಗೆ ಮಟ್ಟಸವಾದ ಜಾಗದಲ್ಲಿ ಬೆಳಿಗ್ಗೆಯೋ ಸಂಜೆಯೋ ನಡೆಯಿರಿ. ಗರ್ಭಿಣಿಯರಿಗೆ ವಾರಕ್ಕೆ 150 ನಿಮಿಷ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ವಾರಕ್ಕೆ ಐದು ದಿನ ಅರ್ಧ ಗಂಟೆ ನಡೆದರೆ ಲೆಕ್ಕ ಸರಿಹೋಯಿತು. ಮಾತಾಡಿಕೊಂಡು ನಡೆಯುವಷ್ಟು ವೇಗ ಸಾಕು. ಆದರೆ ರಕ್ತಸ್ರಾವ ಆಗಿದ್ದವರು, ಮಾಸು ಕೆಳಗಿದೆ ಎಂದು ಸ್ಕ್ಯಾನಿಂಗಿನಲ್ಲಿ ತಿಳಿದವರು, ಬಿ.ಪಿ. ಇರುವವರು, ಹಿಂದೆ ಬೇಗ ಹೆರಿಗೆ ಆಗಿದ್ದವರು ಡಾಕ್ಟರನ್ನು ಕೇಳದೆ ಯಾವ ವ್ಯಾಯಾಮವನ್ನೂ ಶುರು ಮಾಡಬಾರದು.

ಮಾತ್ರೆ, ಮುಲಾಮು, ಎಣ್ಣೆ

'ಸೊಂಟನೋವಿಗೆ ಒಂದೆರಡು ಮಾತ್ರೆ ಕೊಡಿ' ಅಂತ ಗಂಡ ಮೆಡಿಕಲ್ ಸ್ಟೋರಿಗೆ ಹೋಗುತ್ತಾನೆ. ಮಾತ್ರೆ ಬಸುರಿಗೆ ಅಂತ ಅವನು ಹೇಳುವುದಿಲ್ಲ, ಅಂಗಡಿಯವರು ಕೇಳುವುದಿಲ್ಲ. ಅಪಾಯ ಇರುವುದೇ ಇಲ್ಲಿ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೇನ್, ನಿಮೆಸುಲೈಡ್ ಜಾತಿಯ ನೋವಿನ ಮಾತ್ರೆಗಳನ್ನು ಬಸುರಿಯರು ತಾವಾಗಿ ತೆಗೆದುಕೊಳ್ಳಬಾರದು. 20 ವಾರ ದಾಟಿದ ಮೇಲೆ ಇವು ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಮಾಡಿ ಗರ್ಭದ ನೀರು ಕಡಿಮೆ ಮಾಡಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರ ಅಕ್ಟೋಬರಿನಲ್ಲಿ ಎಚ್ಚರಿಸಿತು. ಕೊನೆಯ ತಿಂಗಳುಗಳಲ್ಲಿ ಮಗುವಿನ ಹೃದಯದ ಬಳಿಯ ರಕ್ತನಾಳವೊಂದು ಹೊತ್ತಿಗೆ ಮುಂಚೆ ಮುಚ್ಚಿಕೊಳ್ಳುವ ಅಪಾಯವೂ ಇದೆ. ಹಚ್ಚುವ ಜೆಲ್‌ಗಳಲ್ಲೂ ಡೈಕ್ಲೋಫೆನಾಕ್ ಇರುತ್ತದೆ, ಟ್ಯೂಬಿನ ಮೇಲೆ ಓದಿ ನೋಡಿ. ನೋವು ತಡೆಯಲಾಗದಿದ್ದರೆ ಡಾಕ್ಟರನ್ನು ಕೇಳಿ, ಅವರು ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಬರೆದುಕೊಡುತ್ತಾರೆ. ಬಿ.ಪಿ. ಕಾರಣಕ್ಕೆ ಡಾಕ್ಟರೇ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಟ್ಟಿದ್ದರೆ ಮಾತ್ರ ಇದನ್ನು ಓದಿ ಹೆದರಿ ನಿಲ್ಲಿಸಬೇಡಿ.

ಬಿಸಿನೀರಿನ ಶಾಖ ಒಳ್ಳೆಯದು. ನೀರು ಕೈಗೆ ಹಿತವಾಗುವಷ್ಟೇ ಬಿಸಿ ಇರಲಿ, ಚೀಲಕ್ಕೆ ಬಟ್ಟೆ ಸುತ್ತಿ ಸೊಂಟಕ್ಕೆ ಮಾತ್ರ ಹತ್ತು ಹದಿನೈದು ನಿಮಿಷ ಕೊಡಿ. ಹೊಟ್ಟೆಯ ಮೇಲೆ ಬೇಡ. ಮಗ್ಗುಲಾಗಿ ಮಲಗಿಸಿ ಕೊಬ್ಬರಿ ಎಣ್ಣೆಯಲ್ಲಿ ಮೆಲ್ಲಗೆ ನೀವಿದರೆ ಹಾಯೆನಿಸುತ್ತದೆ. ಆದರೆ ಸೊಂಟ ತುಳಿಸುವುದು, ಎಳೆಸುವುದು, ಹೊಟ್ಟೆ ನೀವಿಸುವುದು ಕೂಡದು. ಗರ್ಭಿಣಿಯರ ಬೆಲ್ಟಿನಿಂದ ಕೆಲವರಿಗೆ ಅನುಕೂಲವಾಗುತ್ತದೆ. ಡಾಕ್ಟರನ್ನು ಕೇಳಿ ಸರಿಯಾದ ಅಳತೆಯದು ತೆಗೆದುಕೊಳ್ಳಿ, ಕೆಲಸದ ಹೊತ್ತು ಹಾಕಿ, ಮಲಗುವಾಗ ತೆಗೆಯಿರಿ.

ಆಶಾ ಕಾರ್ಯಕರ್ತೆ ತಂದುಕೊಡುವ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಡಬ್ಬಿಯಲ್ಲೇ ಉಳಿಯದಿರಲಿ. ಎರಡನ್ನೂ ಒಟ್ಟಿಗೆ ನುಂಗಬೇಡಿ, ಮಧ್ಯೆ ಎರಡು ಗಂಟೆಯಾದರೂ ಬಿಡುವು ಇರಲಿ. ಕ್ಯಾಲ್ಸಿಯಂ ನುಂಗಿದ ಮರುದಿನವೇ ಸೊಂಟನೋವು ಮಾಯವಾಗುವುದಿಲ್ಲ, ಆದರೆ ಅಮ್ಮನ ಮೂಳೆ, ಮಗುವಿನ ಮೂಳೆ ಎರಡಕ್ಕೂ ಅದು ಬೇಕು. ನಮ್ಮ ರಾಗಿಯಲ್ಲೂ 100 ಗ್ರಾಂಗೆ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ.

ಈ ನೋವನ್ನು ಮಾತ್ರ ಕಾಯಿಸಬೇಡಿ

ಮುಖ್ಯವಾದ ಮಾತು ಇದು. ಕತ್ತರಿಸಿ ಗೋಡೆಗೆ ಅಂಟಿಸಿಕೊಂಡರೂ ಸರಿಯೇ.

• ನೋವು ಬಂದು ಹೋಗಿ, ಬಂದು ಹೋಗಿ ಮಾಡುತ್ತಿದ್ದರೆ, ಜೊತೆಗೆ ಹೊಟ್ಟೆ ಗಟ್ಟಿಯಾಗುತ್ತಿದ್ದರೆ. 37 ವಾರಕ್ಕೆ ಮುಂಚೆ ಹೀಗಾದರೆ ಬೇಗ ಹೆರಿಗೆಯ ಸೂಚನೆ ಇರಬಹುದು. ಕೆಲವರಿಗೆ ಹೆರಿಗೆ ನೋವು ಶುರುವಾಗುವುದೇ ಸೊಂಟದಿಂದ.
• ರಕ್ತ ಕಂಡರೆ, ನೀರು ಹೋದರೆ.
• ಚಳಿಜ್ವರ, ಉರಿಮೂತ್ರ, ಪಕ್ಕೆಯ ಹಿಂದೆ ನೋವು ಇದ್ದರೆ. ಇದು ಮೂತ್ರಪಿಂಡದ ಸೋಂಕು ಇರಬಹುದು. ಬಸುರಿನಲ್ಲಿ ಇದನ್ನು ನಿರ್ಲಕ್ಷಿಸಿದರೆ ತಾಯಿಗೂ ಮಗುವಿಗೂ ಅಪಾಯ.
• ಕಾಲು ಜೋಮು ಹಿಡಿದು ಬಲ ಇಲ್ಲದಂತಾದರೆ, ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ.
• ಬಿದ್ದ ಮೇಲೆ ನೋವು ಬಂದರೆ, ಅಥವಾ ಇದ್ದಕ್ಕಿದ್ದ ಹಾಗೆ ತಡೆಯಲಾರದ ನೋವು ಬಂದರೆ.
• ಮಗುವಿನ ಅಲುಗಾಟ ಕಡಿಮೆಯಾದರೆ.

ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾಗಲಿ, ಮಳೆಯಾಗಲಿ, 108ಕ್ಕೆ ಫೋನ್ ಮಾಡಿ. ಕಾಡಂಚಿನ ಊರು, ಹಾಡಿಗಳಲ್ಲಿ ಗಾಡಿ ಬರುವುದು ತಡವಾಗುವ ಸಾಧ್ಯತೆ ಇರುವುದರಿಂದ ಅಲ್ಲಿಯವರು 'ಬೆಳಗಾಗಲಿ ನೋಡೋಣ' ಅಂತ ಕಾಯಲೇಬಾರದು. ತಾಲ್ಲೂಕು ಆಸ್ಪತ್ರೆಯಲ್ಲಿ ನೋಡಿ, ಬೇಕಾದರೆ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಕಳಿಸುತ್ತಾರೆ. ತಾಯಿ ಕಾರ್ಡು ಕೈಗೆ ಸಿಗುವ ಜಾಗದಲ್ಲಿರಲಿ.

ಇಷ್ಟೆಲ್ಲ ಆಗುವ ತನಕ ಯಾಕೆ ಬಿಡಬೇಕು? ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ಡಾಕ್ಟರು ಉಚಿತವಾಗಿ ತಪಾಸಣೆ ಮಾಡುವ ವ್ಯವಸ್ಥೆ 2016ರಿಂದ ಇದೆ. ಅಲ್ಲಿ ಬಿ.ಪಿ., ರಕ್ತ ನೋಡಿಸಿಕೊಂಡು ಎದ್ದು ಬರುವ ಮೊದಲು 'ಡಾಕ್ಟ್ರೇ, ಸೊಂಟ ಇಂಥ ಕಡೆ ಇಂಥ ಹೊತ್ತಲ್ಲಿ ನೋಯುತ್ತೆ' ಅಂತ ಬಾಯಿ ಬಿಟ್ಟು ಹೇಳಿ. ಕೇಳದಿದ್ದರೆ ಅವರಿಗಾದರೂ ಹೇಗೆ ಗೊತ್ತಾಗಬೇಕು?

ಎರಡನೇ ಬಸುರಿಯನ್ನು ಕೇಳುವವರಾರು?

ನಮ್ಮ ಹಿರಿಯರು ಒಂದು ಒಳ್ಳೆಯ ಪದ್ಧತಿ ಮಾಡಿಟ್ಟಿದ್ದಾರೆ. ಚೊಚ್ಚಲ ಬಸುರಿಗೆ ಏಳನೇ ತಿಂಗಳಲ್ಲೋ ಒಂಬತ್ತನೇ ತಿಂಗಳಲ್ಲೋ ಸೀಮಂತ ಮಾಡಿ ತವರಿಗೆ ಕಳಿಸುತ್ತಾರೆ. ಬಳೆ, ಸೀರೆಯ ಸಡಗರದ ಒಳಗೆ ಇರುವ ಮುಖ್ಯ ಉಡುಗೊರೆ ವಿಶ್ರಾಂತಿ. ಆದರೆ ಎರಡನೆಯ ಸಲ? ಸೀಮಂತವೂ ಇಲ್ಲ, ತವರಿಗೆ ಹೋಗುವುದೂ ಅಷ್ಟರಲ್ಲೇ. ಮೊದಲ ಮಗುವಿಗೆ ಎರಡು ವರ್ಷ, ಅದಕ್ಕೆ ಅಮ್ಮನ ಸೊಂಟವೇ ಸಿಂಹಾಸನ. ಹತ್ತು ಹನ್ನೆರಡು ಕಿಲೋ ಮಗುವನ್ನು ಒಂದೇ ಪಕ್ಕಕ್ಕೆ ಎತ್ತಿಕೊಂಡು, ಒಳಗೊಂದು ಮಗುವನ್ನು ಹೊತ್ತು, ಅವಳು ಮನೆಗೆಲಸವನ್ನೂ ಮಾಡುತ್ತಾಳೆ. ಮೊದಲ ಬಸುರಿನಲ್ಲಿ ಸೊಂಟನೋವು ಇದ್ದವರಿಗೆ ಎರಡನೆಯದರಲ್ಲಿ ಮತ್ತೆ ಬರುವ ಸಾಧ್ಯತೆ ಜಾಸ್ತಿ. ನಿಜವಾಗಿ ಹೆಚ್ಚು ಆಸರೆ ಬೇಕಾದವಳು ಅವಳೇ. ದೊಡ್ಡ ಮಗುವನ್ನು ಅಜ್ಜಿಯೋ ತಾತನೋ ಎತ್ತಿಕೊಳ್ಳಲಿ. ಅಮ್ಮ ಕೂತುಕೊಂಡು ಮಡಿಲಿಗೆ ಕರೆದುಕೊಂಡರೆ ಮಗುವಿಗೂ ಬೇಜಾರಿಲ್ಲ.

'ನಾಟಿ ಹೊತ್ತಲ್ಲಿ ಕೂಲಿ ಬಿಟ್ಟರೆ ಹೊಟ್ಟೆಗೇನು?' ಅನ್ನುವುದು ನಿಜವಾದ ಪ್ರಶ್ನೆ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಅರ್ಹರಾದವರಿಗೆ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಸಿಗುತ್ತದೆ. ಬಸುರಿಗೆ ಕೂಲಿ ನಷ್ಟ ಸ್ವಲ್ಪವಾದರೂ ತುಂಬಲಿ, ಅವಳು ವಿಶ್ರಾಂತಿ ಪಡೆಯಲಿ ಅಂತಲೇ ಈ ಹಣ ಕೊಡುವುದು. ಅಂಗನವಾಡಿಯಲ್ಲಿ ವಿಚಾರಿಸಿ ಅರ್ಜಿ ಹಾಕಿ. ಬಂದ ಹಣ ಹಬ್ಬಕ್ಕೋ ಬೈಕಿನ ಕಂತಿಗೋ ಹೋಗದಿರಲಿ. ಮೊತ್ತ ದೊಡ್ಡದೇನಲ್ಲ, ನಾಲ್ಕೈದು ತಿಂಗಳ ಕೂಲಿಗೆ ಅದು ಸಮವಾಗುವುದೂ ಇಲ್ಲ. ಉಳಿದದ್ದನ್ನು ಮನೆಯವರೇ ತುಂಬಬೇಕು. ಕೂಲಿಗೆ ಹೋಗಲೇಬೇಕಾದ ಪರಿಸ್ಥಿತಿ ಇದ್ದರೆ, ಜೊತೆಯ ಹೆಂಗಸರು ಅವಳಿಗೆ ನಿಂತು ಕೂತು ಮಾಡುವ ಹಗುರ ಕೆಲಸ ಬಿಟ್ಟುಕೊಡಿ. ಹೊರೆ ಎತ್ತುವುದು ಬೇರೆಯವರ ಪಾಲಿಗಿರಲಿ. ಮುಯ್ಯಾಳು ಪದ್ಧತಿ ನಮ್ಮ ಊರುಗಳಿಗೆ ಹೊಸದೇನಲ್ಲವಲ್ಲ.

ಅತ್ತೆಯರಿಗೆ ಒಂದು ಮಾತು. ನೀವು ನೋವು ತಿಂದು ಗೆದ್ದು ಬಂದಿದ್ದೀರಿ. ಆ ಕಾಲದಲ್ಲಿ ನಿಮ್ಮ ಸೊಂಟಕ್ಕೆ ಎಣ್ಣೆ ಹಚ್ಚುವವರು ಇರಲಿಲ್ಲ. ಸೊಸೆಯ ಕಾಲದಲ್ಲಿ ನೀವಿದ್ದೀರಿ. ಗಂಡಂದಿರಿಗೆ ಇಷ್ಟೇ: ಬಸುರಿ ಇರುವ ಮನೆಯಲ್ಲಿ ಈ ವಾರದಿಂದ ಮೂರು ಕೆಲಸ ಅವಳ ಕೈಯಿಂದ ತೆಗೆದುಕೊಳ್ಳಿ. ನೀರು ಹೊರೋದು, ಮುದ್ದೆ ತೊಳೆಸೋದು, ದೊಡ್ಡ ಮಗುವನ್ನು ಎತ್ತೋದು. ಹದಿನೈದು ದಿನ ಬಿಟ್ಟು ನೋವು ಇಳಿಯಿತಾ ಅಂತ ಅವಳನ್ನೇ ಕೇಳಿ. ಇಳಿದಿಲ್ಲ ಅಂದರೆ 9ನೇ ತಾರೀಖಿಗೆ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿಬನ್ನಿ.